ನೀಲಿ ಜಾಕೆಟ್ಟಿನ ಹಿಂದೆ

ಹೋದ ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲಿ ಮಗಳು ಅನಘಾ ಪುರಿನ್ ಮಾಡಲು ಹೊರಟಳು. ಜಪಾನಿನಲ್ಲಿದ್ದಷ್ಟು ವರ್ಷ ಅವಳು ಮನೆ ಪಕ್ಕದ ಕೊಂಬಿನಿ ಅಂಗಡಿಯಿಂದ ತಂದು ತಿನ್ನುತ್ತಿದ್ದ ಹಾಲು ಮೊಟ್ಟೆಯ ಸಿಹಿ ಅದು. ಬಟ್ಟಲಿನ ತಳಕ್ಕೆ ಹಾಕುವ ಸಕ್ಕರೆಯನ್ನು ಕಂದು ಬಣ್ಣ ಬರುವವರೆಗೆ ಕಾಯಿಸಬೇಕು. ಅವಳು ಫೋನ್ ನೋಡುತ್ತಾ ಅದನ್ನು ಸೀಯಿಸಿಬಿಟ್ಟಳು. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನಾನು ಟವೆಲ್ ಹಿಡಿದುಕೊಂಡು ಹಾಗೇ ನಿಂತೆ.

"ಅಮ್ಮ, ದೈಜೋಬು? ಹುಷಾರಾಗಿದೀಯ ತಾನೆ? ಯಾಕೆ ಹಂಗೆ ನಿಂತಿದೀಯ?"

"ಏನಿಲ್ಲ ಕಣೇ, ಗ್ಯಾಸ್ ಆಫ್ ಮಾಡು."

ಏನಿಲ್ಲ ಎಂದೆನಾದರೂ ಅಷ್ಟು ಹೊತ್ತಿಗೆ ನಾನು ಮತ್ತೆ ಜಪಾನಿನ ಸುಜುಕಾ ಬೆಟ್ಟಸಾಲಿನ ಆ ತಗ್ಗಿನಲ್ಲಿದ್ದೆ. ಒಲೆಯಿಲ್ಲ, ಮನೆಯಿಲ್ಲ, ಸುತ್ತ ಎಲ್ಲೂ ಮನುಷ್ಯರಿಲ್ಲ. ಆದರೂ ಯಾರೋ ಈಗತಾನೇ ಸಕ್ಕರೆ ಪಾಕ ಇಳಿಸಿದ ಹಾಗೆ ಗಾಳಿಯ ತುಂಬ ಸಿಹಿ ವಾಸನೆ.

ಆ ಶರತ್ಕಾಲದಲ್ಲಿ ನಾವು ನಾಗೋಯಾ ಹತ್ತಿರವಿದ್ದೆವು. ಕಾರಿನ ಬ್ರೇಕುಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ನನಗೆ ಸದ್ದು ಅಳೆಯುವ ಕೆಲಸ. ಬ್ರೇಕು ಒತ್ತಿದಾಗ ಅದು ಎಲ್ಲಿ ಕಿರುಚುತ್ತದೆ, ಯಾಕೆ ಕಿರುಚುತ್ತದೆ ಎಂದು ಮುಚ್ಚಿದ ಕೋಣೆಯಲ್ಲಿ ಕುಳಿತು ದಿನವಿಡೀ ಕೇಳಬೇಕು. ಗಂಡ ಗಿರೀಶನದು ಬೇರೆ ಕಂಪನಿ. ಮಗಳಿಗೆ ಶಾಲೆ, ಭಾನುವಾರ ಈಜು. ವಾರದ ಕೊನೆಗೆ ನನ್ನ ಕಿವಿ ಎಷ್ಟು ಸೋತಿರುತ್ತಿತ್ತೆಂದರೆ ಮನೆಯಲ್ಲಿ ಚಮಚ ಬಿದ್ದರೂ ರೇಗುತ್ತಿದ್ದೆ.

ಅದನ್ನು ಮೊದಲು ಗಮನಿಸಿದವರು ನನ್ನ ಪಕ್ಕದ ಮೇಜಿನ ಮೊರಿಟಾ-ಸಾನ್. ಅರವತ್ತರ ಆಸುಪಾಸಿನವರು, ನಿವೃತ್ತಿಗೆ ಹತ್ತಿರವಾಗಿದ್ದವರು, ಮಾತು ಬಹಳ ಕಡಿಮೆ. ಕೆಲಸ ಕಲಿಸಿದವರು ಅವರೇ. ಬ್ರೇಕಿಗೆ ಅಂಟಿಸುವ ಮೈಕಿನ ವೈರುಗಳನ್ನು ನೀಲಿ ಟೇಪಿನಿಂದ ಸುತ್ತಿ, ಅದರ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಚುತ್ತಿದ್ದರು. ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು. ನಮ್ಮ ಕೋಣೆಯವರೆಲ್ಲ ಹಾಗೇ ಮಾಡುತ್ತಿದ್ದರು. ನನಗೂ ಅದೇ ಅಭ್ಯಾಸವಾಗಿತ್ತು.

"ಶೈರಾ-ಸಾನ್, ಭಾನುವಾರ ಬೆಟ್ಟಕ್ಕೆ ಬನ್ನಿ. ಅಲ್ಲಿ ಸದ್ದಿಲ್ಲ," ಎಂದರು ಒಂದು ದಿನ. ನನ್ನ ಹೆಸರು ಶೈಲಾ. ಅವರ ಬಾಯಲ್ಲಿ ಅದು ಶೈರಾ. ಸಾನ್ ಎನ್ನುವುದು ಅಲ್ಲಿ ಹೆಸರಿಗೆ ಸೇರಿಸುವ ಮರ್ಯಾದೆ, ಕಿರಿಯರಿಗಾದರೆ ಕುನ್. ನಮ್ಮಿಬ್ಬರದು ಅರ್ಧ ಜಪಾನೀಸ್ ಅರ್ಧ ಇಂಗ್ಲಿಷಿನ ಮಾತು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಬ್ಬಳೇ ಹೋಗಲು ಸಂಕೋಚವಾಗಿ, ನಮ್ಮದೇ ಕಂಪನಿಯ ಡಿಸೈನ್ ವಿಭಾಗದಲ್ಲಿದ್ದ ಮೈಸೂರಿನ ಕಿರಣನನ್ನು ಎಳೆದುಕೊಂಡು ಹೋದೆ. ನನಗಿಂತ ಆರೇಳು ವರ್ಷ ಚಿಕ್ಕವನು, ಬಾಯಿ ಮುಚ್ಚದ ಹುಡುಗ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಅನುಭವದ ಮೇಲೆ ದುಬಾರಿ ಬೂಟು ಕೊಂಡಿದ್ದ. ನಾನು ಚಿತ್ರದುರ್ಗದವಳು. ನನಗೆ ಬೆಟ್ಟ ಎಂದರೆ ಬಿಸಿಲಿಗೆ ಕಾದ ಬರೀ ಬಂಡೆ. ಮೇಲೆ ನಿಂತರೆ ಇಡೀ ಊರು, ಬಸ್ ಸ್ಟ್ಯಾಂಡು, ನಮ್ಮ ಮನೆಯ ನೀರಿನ ಟ್ಯಾಂಕು ಎಲ್ಲ ಕಾಣಬೇಕು. ಮೊರಿಟಾ-ಸಾನರ ಬೆಟ್ಟಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಬುಡದಿಂದ ನೆತ್ತಿಯವರೆಗೆ ಮರಗಳೇ. ಶಿಖರ ಮುಟ್ಟಿದೆವು ಎಂದು ಅವರು ಹೇಳಿದಾಗ ಮಾತ್ರ ಅದು ಶಿಖರವೆಂದು ಗೊತ್ತಾಗುತ್ತಿತ್ತು.

ಅದರ ಮೇಲೆ ಅವರು ದಾರಿಯಲ್ಲಿ ನಡೆಯುವವರಲ್ಲ. ಕಾಲುದಾರಿ ಹಿಡಿದು ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ತಿರುಗಿ ಪೊದೆಯೊಳಗೆ ನುಗ್ಗುವರು. ಇದಕ್ಕೆ ಅವರ ಭಾಷೆಯಲ್ಲಿ ಯಾಬುಕೊಗಿ ಎನ್ನುತ್ತಾರೆ. ದೋಣಿಗೆ ಹುಟ್ಟು ಹಾಕಿದ ಹಾಗೆ ಎರಡೂ ಕೈಗಳಿಂದ ಪೊದೆಯನ್ನು ಹಿಂದಕ್ಕೆ ತಳ್ಳುತ್ತಾ ಮುಂದೆ ಹೋಗುವುದು. ಮುಂದೆ ಅವರ ಹಳೆಯ ನೀಲಿ ಜಾಕೆಟ್ಟು, ನಡುವೆ ನಾನು, ಕೊನೆಗೆ ಕಿರಣ. ಆಗಾಗ ಅವರು ನಿಂತು ಹಿಂತಿರುಗಿ, ನಾವಿಬ್ಬರೂ ಕಂಡ ಮೇಲೆ ಒಂದು ಕೈ ಎತ್ತಿ ಮತ್ತೆ ನಡೆಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಇಂಬಳಗಳ ಕಾಟ. ಬೂಟಿಗೆ ಉಪ್ಪುನೀರು ಹೊಡೆದುಕೊಂಡರೂ ಮನೆಗೆ ಬಂದಾಗ ಕಾಲುಚೀಲ ಕೆಂಪಾಗಿರುತ್ತಿತ್ತು. ಅಕ್ಟೋಬರಿನಲ್ಲಿ ಚಳಿ ಬಂತು, ಇಂಬಳ ಹೋದವು, ಬೀಚ್ ಎಂಬ ಮರಗಳ ಎಲೆ ಹಳದಿಯಾಗಿ ಉದುರತೊಡಗಿತು. ಬೆಟ್ಟದಲ್ಲಿ ಅಲ್ಲಲ್ಲಿ ಹಿಂದೆ ಇದ್ದಿಲು ಸುಡುತ್ತಿದ್ದವರ ಗೂಡುಗಳು ಸಿಗುತ್ತಿದ್ದವು. ಮಾಡು ಕುಸಿದು, ಎದೆಯೆತ್ತರದ ಕಲ್ಲಿನ ಬಳೆಗಳು ಮಾತ್ರ ಉಳಿದಿದ್ದವು. ಪ್ರತಿ ಗೂಡಿನ ಹತ್ತಿರವೂ ಮೊರಿಟಾ-ಸಾನ್ ನಿಲ್ಲುತ್ತಿದ್ದರು. ಒಳಗೆ ಬಗ್ಗಿ ನೋಡುತ್ತಿದ್ದರು. ಕೋಲಿನಿಂದ ಎಲೆ ಕೆದಕುತ್ತಿದ್ದರು.

"ಇವರು ಏನೋ ಹುಡುಕ್ತಾ ಇದಾರೆ ಶೈಲಕ್ಕ," ಎಂದು ಕಿರಣ ಒಮ್ಮೆ ಪಿಸುಗುಟ್ಟಿದ. "ನಿಧಿ ಗಿಧಿ ಇರಬಹುದು."

"ಅಣಬೆ ಇರಬೇಕು, ಸುಮ್ನಿರು," ಎಂದೆ.

ನವೆಂಬರಿನ ಮೊದಲ ಭಾನುವಾರ ಮೂರು ಶಿಖರಗಳನ್ನು ಒಂದೇ ದಿನ ದಾಟುವುದೆಂದು ಹೊರಟೆವು. ಬೆಳಕು ಹರಿಯುವಾಗಲೇ ಕಾರು ನಿಲ್ಲಿಸಿ ಹತ್ತಿದೆವು. ಮೊದಲ ಶಿಖರದವರೆಗೆ ಬಿಸಿಲಿತ್ತು. ಇಳಿಜಾರಿನಲ್ಲಿ ಕಾಮೊಶಿಕಾ ಎಂಬ ಕಾಡುಮೇಕೆಯೊಂದು ಅಡ್ಡ ಸಿಕ್ಕಿತು. ಬೂದು ಮೈ, ಗಿಡ್ಡ ಕೊಂಬು. ಓಡಲಿಲ್ಲ. ನಾವು ಹತ್ತಿರ ಹೋದರೂ ಕದಲದೆ, ನಮ್ಮ ಮುಖವನ್ನಲ್ಲ, ನಮ್ಮ ಬೆನ್ನ ಹಿಂದೆ ಯಾರೋ ಇದ್ದಾರೆ ಎನ್ನುವ ಹಾಗೆ ಅತ್ತಲೇ ನೋಡುತ್ತಿತ್ತು. ಕಿರಣ ಕೂಡ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಎರಡನೆಯ ಶಿಖರದಲ್ಲಿ ಚಿತ್ರಾನ್ನದ ಡಬ್ಬಿ ತೆಗೆದೆವು. ಮೊರಿಟಾ-ಸಾನ್ ತಮ್ಮ ಅನ್ನದುಂಡೆ ತಿನ್ನುತ್ತಾ ಪಶ್ಚಿಮಕ್ಕೆ ನೋಡಿ, "ಮಂಜು ಬರುತ್ತಿದೆ," ಎಂದರು. ಆ ಕಡೆಯಿರುವ ದೊಡ್ಡ ಸರೋವರದಿಂದ ಎದ್ದ ಮಂಜು ಕಣಿವೆಯನ್ನು ತುಂಬುತ್ತಾ ಮೇಲೇರುತ್ತಿತ್ತು. ನಾವು ಡಬ್ಬಿ ಮುಚ್ಚುವಷ್ಟರಲ್ಲಿ ಎದುರಿನ ಮರಗಳು ಒಂದೊಂದಾಗಿ ಅಳಿಸಿಹೋದವು.

ಮೂರನೆಯ ಶಿಖರಕ್ಕೆ ಹೋಗುವ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೆ ಅಸೆಬಿ ಎಂಬ ಗಿಡದ ದಟ್ಟ ಪೊದೆ. ಕೊಂಬೆಗಳು ಸೊಂಟದೆತ್ತರದಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಬ್ಬರ ಹಿಂದೆ ಒಬ್ಬರು ಹೋಗುವಂತಿರಲಿಲ್ಲ. ಯಾರಿಗೆ ಎಲ್ಲಿ ಸಂದಿ ಸಿಕ್ಕಿತೋ ಅಲ್ಲಿ ತೂರಬೇಕು. ನಾನು ಮಂಡಿಯೂರಿ ತೆವಳಿದೆ. ಹಿಂದೆ ಕಿರಣ ಏನೋ ಕೂಗಿದ ಹಾಗಾಯಿತು. ಅವನು ದಿನವಿಡೀ ಕೂಗುವವನೇ ಎಂದು ಲಕ್ಷ್ಯ ಕೊಡಲಿಲ್ಲ. ಪೊದೆಯಿಂದ ಹೊರಬಂದು ಎದ್ದು ನಿಂತಾಗ ಮುಂದೆ ಮಂಜಿನಲ್ಲಿ ನೀಲಿ ಜಾಕೆಟ್ಟು ನಡೆಯುತ್ತಿತ್ತು. ನಾನು ಅದರ ಹಿಂದೆ ಹೊರಟೆ.

ಎಷ್ಟು ಹೊತ್ತು ನಡೆದೆನೋ ಗೊತ್ತಿಲ್ಲ. ನೆಲ ಇಳಿಜಾರಾಯಿತು. ನಾವು ಏಣಿನ ಮೇಲೇ ಇರಬೇಕಲ್ಲ ಎಂದುಕೊಂಡರೂ, ಮೊರಿಟಾ-ಸಾನ್ ಮುಂದಿದ್ದಾರಲ್ಲ ಎಂಬ ಧೈರ್ಯ. ನಾನು ಜೋರಾಗಿ ನಡೆದರೆ ಆ ಜಾಕೆಟ್ಟೂ ದೂರವಾಗುತ್ತಿತ್ತು. ನಾನು ನಿಧಾನಿಸಿದರೆ ಮಂಜಿನ ಅಂಚಿನಲ್ಲಿ ಅಷ್ಟೇ ದೂರದಲ್ಲಿ ಇರುತ್ತಿತ್ತು. ಒಮ್ಮೆ ಕರೆದೆ. "ಮೊರಿಟಾ-ಸಾನ್, ಸುಮಿಮಾಸೆನ್, ದಯವಿಟ್ಟು ಸ್ವಲ್ಪ ನಿಲ್ಲಿ!" ನಿಲ್ಲಲಿಲ್ಲ.

ಆಗ ಎರಡು ಸಂಗತಿ ಒಟ್ಟಿಗೇ ಹೊಳೆದವು. ಪೊದೆಯಿಂದ ಹೊರಟಾಗಿನಿಂದ ಅವರು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ಎರಡನೆಯದು, ಕೇಳುವುದನ್ನೇ ಕೆಲಸ ಮಾಡಿಕೊಂಡ ನನ್ನ ಕಿವಿಗೆ ಅಷ್ಟು ಹೊತ್ತೂ ತಟ್ಟಿರಲಿಲ್ಲ. ಪಾದ ಮುಳುಗುವಷ್ಟು ಒಣ ಎಲೆ ಬಿದ್ದ ನೆಲ ಅದು. ನಾನು ಹೆಜ್ಜೆ ಹಾಕಿದರೆ ಚರಚರ ಸದ್ದಾಗುತ್ತಿತ್ತು. ಮುಂದಿನವರ ಹೆಜ್ಜೆಗೆ ಯಾವ ಸದ್ದೂ ಇರಲಿಲ್ಲ.

ನಾನು ನಿಂತೆ. ಎಲೆಯ ಸದ್ದು ಪೂರ್ತಿ ನಿಂತಿತು. ನೀಲಿ ಬಣ್ಣ ಇನ್ನೂ ಸ್ವಲ್ಪ ದೂರ ಹೋಗಿ, ಒಂದು ದೊಡ್ಡ ಮರದ ಹಿಂದೆ ಸರಿದು, ಆಚೆಯಿಂದ ಹೊರಬರಲಿಲ್ಲ. ಅದೇ ಗಳಿಗೆಯಲ್ಲಿ ಬಹಳ ಮೇಲಿನಿಂದ, ನನ್ನ ಬೆನ್ನಿನ ಕಡೆಯಿಂದ, ಸೀಟಿ ಕೇಳಿಸಿತು. ಮೊರಿಟಾ-ಸಾನರ ಸೀಟಿ. ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ.

ದಾರಿ ತಪ್ಪಿದರೆ ಊದಲೆಂದು ಅವರೇ ಕೊಟ್ಟಿದ್ದ ಕೊರಳಿನ ಸೀಟಿಯನ್ನು ಬಾಯಿಗಿಡಲು ಹೋದರೆ ತುಟಿಗೆ ಹಿಡಿತವಿಲ್ಲ. ಎರಡು ಮೂರು ಸಲ ಬರೀ ಗಾಳಿ ಹೋಯಿತು. ಕೊನೆಗೆ ಊದಿದೆ. ಮೇಲಿನಿಂದ ಉತ್ತರ ಬಂತು. ನಾನು ಕದಲಬಾರದು, ಅವರೇ ಬರುತ್ತಾರೆ, ಅಷ್ಟು ಗೊತ್ತಿತ್ತು. ನಿಂತಲ್ಲೇ ನಿಂತು ಊದುತ್ತಾ ಸುತ್ತ ನೋಡಿದೆ.

ಬಟ್ಟಲಿನಂಥ ತಗ್ಗು. ನಡುವೆ ಆ ದೊಡ್ಡ ಮರ. ಒಂದೇ ಬುಡದಿಂದ ಎಷ್ಟೋ ಕಾಂಡಗಳು ಎದ್ದಿದ್ದವು. ಉದುರಿದ ದುಂಡು ಎಲೆಗಳಿಂದ ಸೀದ ಸಕ್ಕರೆಯ ವಾಸನೆ ಬರುತ್ತಿತ್ತು. ಅದು ಕತ್ಸುರಾ ಮರ, ಎಲೆ ಒಣಗುವಾಗ ಹಾಗೆ ವಾಸನೆ ಬರುವುದು ಸಹಜ ಎಂದು ಆಮೇಲೆ ತಿಳಿಯಿತು. ಅಲ್ಲಿ ಆಗ ಅದು ಸಹಜ ಅನ್ನಿಸಲಿಲ್ಲ. ಯಾರೋ ನನಗಾಗಿ ಅಡುಗೆ ಮಾಡಿಟ್ಟು ಕಾಯುತ್ತಿದ್ದಾರೆ ಅನ್ನಿಸಿತು. ಮರದಾಚೆ ಕುಸಿದ ಒಂದು ಇದ್ದಿಲ ಗೂಡು. ಸುತ್ತ ತೋಳುಗಾತ್ರದ ಎಳೆ ಮರಗಳು. ಹತ್ತಿರದ ಮರವೊಂದಕ್ಕೆ ಏನೋ ಸುತ್ತಿತ್ತು.

ಟೇಪು. ಬಿಸಿಲು ಮಳೆಗೆ ಬೆಳ್ಳಗಾದ ನೀಲಿ ಟೇಪು. ಅದರ ಪಕ್ಕದ ಮರಕ್ಕೂ ಸುತ್ತಿತ್ತು. ಅದರಾಚೆಯ ಮರಕ್ಕೂ. ತಗ್ಗಿನ ಸುತ್ತಲೂ, ಎಲ್ಲ ಮರಗಳಿಗೂ. ಕೆಲವು ಮರಗಳಿಗೆ ಒಂದರ ಮೇಲೊಂದು ಎರಡು ಮೂರು ಸುತ್ತು. ಮರ ದಪ್ಪವಾದಲ್ಲಿ ಟೇಪು ತೊಗಟೆಯೊಳಗೆ ಹುದುಗಿಹೋಗಿತ್ತು. ಯಾರೋ ದಾರಿ ಗುರುತಿಗೆಂದು ಟೇಪು ಕಟ್ಟುತ್ತಾ ಹೊರಟು, ತಿರುಗಿ ತಾನು ಕಟ್ಟಿದ ಟೇಪಿನ ಬಳಿಗೇ ಬಂದು, ಮತ್ತೆ ಕಟ್ಟುತ್ತಾ ಹೋಗಿದ್ದ. ಒಂದು ತುದಿಯನ್ನು ಮುಟ್ಟಿ ನೋಡಿದೆ. ತುದಿ ಒಳಕ್ಕೆ ಮಡಚಿತ್ತು.

ಅವರಿಬ್ಬರೂ ಜಾರುತ್ತಾ ಬಂದರು. ಕಿರಣನ ಬೂಟಿನ ತಳ ಕಿತ್ತುಬಂದು ಪೊದೆಯಲ್ಲಿ ಸಿಕ್ಕಿಕೊಂಡಿತ್ತಂತೆ. ಅವನ ಕೂಗು ಕೇಳಿ ಮೊರಿಟಾ-ಸಾನ್ ಪೊದೆಯ ಇನ್ನೊಂದು ಬದಿಯಿಂದ ಹಿಂದಕ್ಕೆ ಹೋಗಿ, ಕಟ್ಟಿಕೊಡುತ್ತಾ ಕುಳಿತಿದ್ದರು.

"ಒಬ್ರೇ ಯಾಕೆ ಇಲ್ಲಿಗೆ ಬಂದ್ರಿ ಶೈಲಕ್ಕ? ನಮಗೆ ಜೀವ ಹೋಗಿತ್ತು!" ಎಂದ ಕಿರಣ.

"ಮೊರಿಟಾ-ಸಾನ್ ಹಿಂದೇನೇ ಬಂದೆ."

"ಅವರು ನನ್ ಜೊತೆ ಇದ್ರಲ್ಲ!"

ಮೊರಿಟಾ-ಸಾನ್ ನಮ್ಮ ಮಾತು ಕೇಳುತ್ತಿರಲಿಲ್ಲ. ಅವರ ಕಣ್ಣು ಟೇಪಿನ ಮೇಲಿತ್ತು. ಒಂದೊಂದೇ ಮರವನ್ನು ಮುಟ್ಟುತ್ತಾ ತಗ್ಗನ್ನು ಒಂದು ಸುತ್ತು ಬಂದರು. ಆಮೇಲೆ, ಕೋಣೆಯಲ್ಲಿ ಎಂದೂ ದನಿ ಎತ್ತದ ಆ ಮನುಷ್ಯ ಗಂಟಲು ಹರಿಯುವಂತೆ ಕೂಗಿದರು. "ಹಿರೋಸೆ!"

ಮಂಜು ಆ ಕೂಗನ್ನು ನುಂಗಿಕೊಂಡಿತು. ಮರುದನಿಯೂ ಬರಲಿಲ್ಲ.

ಹಿರೋಸೆ ಅವರ ಗೆಳೆಯ, ನಮ್ಮದೇ ಕೋಣೆಯಲ್ಲಿ, ಆಗ ನಾನು ಕೂರುತ್ತಿದ್ದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು. ಹತ್ತು ವರ್ಷಗಳಿಗೂ ಹಿಂದೆ ಇಂಥದೇ ಒಂದು ಶರತ್ಕಾಲದ ಭಾನುವಾರ ಒಬ್ಬರೇ ಬೆಟ್ಟಕ್ಕೆ ಹೋದವರು ಹಿಂತಿರುಗಲಿಲ್ಲ. ಜೊತೆಗೆ ಹೋಗಬೇಕಿದ್ದ ಮೊರಿಟಾ-ಸಾನ್ ಅವತ್ತು ಮಗನ ಶಾಲೆಯ ಆಟೋಟಕ್ಕೆಂದು ಉಳಿದಿದ್ದರು. ಹುಡುಕುವವರು ಬೆಟ್ಟದ ಪೂರ್ವ ಬದಿಯಲ್ಲಿ ವಾರಗಟ್ಟಲೆ ಹುಡುಕಿ ಕೈಬಿಟ್ಟಿದ್ದರು. ಅಲ್ಲಿಂದೀಚೆಗೆ ಪ್ರತಿ ವರ್ಷ ಮೊರಿಟಾ-ಸಾನ್ ದಾರಿಯಿಲ್ಲದ ಜಾಗಗಳಲ್ಲೆಲ್ಲ ನಡೆಯುತ್ತಿದ್ದರು. ಈ ಏಣಿನ ಮೇಲೆಯೇ ಎಷ್ಟೋ ಸಲ ಹಾದುಹೋಗಿದ್ದರು. ಆ ಪೊದೆಯಿಂದ ಪಶ್ಚಿಮಕ್ಕೆ ಇಳಿದಿರಲಿಲ್ಲ. ಇದನ್ನೆಲ್ಲ ಅವರು ಎಲೆಗಳ ಮೇಲೆ ಕುಸಿದು ಕುಳಿತು ತುಂಡುತುಂಡಾಗಿ ಹೇಳಿದರು.

"ಮಂಜಿನಲ್ಲಿ ನೇರ ಹೋಗುತ್ತಿದ್ದೇನೆ ಎಂದುಕೊಂಡೇ ಮನುಷ್ಯ ಸುತ್ತು ಹೊಡೆಯುತ್ತಾನೆ. ನೀವು ಹೋಗಿ. ಕಿರನ್-ಕುನ್ ಫೋನಿನಲ್ಲಿ ನಕ್ಷೆಯಿದೆ. ನಾನು ಬೆಳಗಿನವರೆಗೆ ಇಲ್ಲಿರುತ್ತೇನೆ," ಎಂದರು.

ಬೆಳಕು ಕಡಿಮೆಯಾಗುತ್ತಿತ್ತು. ಚಳಿ ಏರುತ್ತಿತ್ತು. ಅವರ ಬಳಿ ಇದ್ದದ್ದು ಆ ತೆಳು ಜಾಕೆಟ್ಟು ಮತ್ತು ಸ್ವಲ್ಪ ಚಹಾ.

"ಶೈಲಕ್ಕ, ಏನಾದ್ರೂ ಹೇಳಿ. ಇವರನ್ನ ಬಿಟ್ಟು ಹೋಗಕ್ಕಾಗಲ್ಲ. ಇಲ್ಲಿರಕ್ಕಂತೂ ಆಗಲ್ಲ, ಪ್ಲೀಸ್," ಎಂದ ಕಿರಣ. ಅವನ ದನಿ ಅಳುವುದಕ್ಕೆ ಹತ್ತಿರವಿತ್ತು.

ಮೊರಿಟಾ-ಸಾನರ ಚೀಲದ ಪಕ್ಕದ ಜೇಬಿನಿಂದ ಟೇಪಿನ ಸುರುಳಿ ತೆಗೆದುಕೊಂಡೆ. ತಗ್ಗಿನ ಅಂಚಿನಲ್ಲಿ, ಹಳೆಯ ಟೇಪಿಲ್ಲದ ಮೊದಲ ಮರಕ್ಕೆ ಒಂದು ಸುತ್ತು ಕಟ್ಟಿ ತುದಿ ಮಡಚಿದೆ. ನಾಲ್ಕಾರು ಮಾರು ಮೇಲೆ ಹತ್ತಿ ಇನ್ನೊಂದು ಮರಕ್ಕೆ ಕಟ್ಟಿದೆ.

"ಮೊರಿಟಾ-ಸಾನ್," ಎಂದು ಕರೆದೆ. "ನಾಳೆ ಬರುವವರಿಗೆ ದಾರಿ ಬೇಕು. ನೀವು ದಿಕ್ಕು ನೋಡಿ, ನಾನು ಕಟ್ಟುತ್ತೇನೆ. ಮೇಲಿನವರೆಗೂ ನೇರ ಹೋಗೋಣ."

ಅವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದರು. ಗೂಡಿನ ಕಡೆಗೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕರಿಸಿ, ದಿಕ್ಸೂಚಿ ಕೈಗೆತ್ತಿಕೊಂಡರು.

ಹತ್ತಿದೆವು. ಒಂದು ಮರಕ್ಕೆ ಟೇಪು ಕಟ್ಟಿ, ಹಿಂದಿನದು ಸಾಲಿನಲ್ಲಿ ಕಾಣುತ್ತದೆಯೇ ನೋಡಿ, ಮುಂದಿನ ಮರಕ್ಕೆ. ನಡುದಾರಿಯಲ್ಲಿ ಕಿರಣ ನನ್ನ ತೋಳು ಹಿಡಿದ.

"ಅಕ್ಕ, ನಾವು ಮೂರೇ ಜನ ಅಲ್ವಾ?"

"ಹೂಂ. ಯಾಕೆ?"

"ಏನಿಲ್ಲ. ನಡೀರಿ."

ನನಗೂ ಕೇಳಿಸಿತ್ತು. ನಾವು ನಿಂತ ಪ್ರತಿ ಸಲವೂ, ನಮ್ಮ ಸದ್ದು ನಿಂತ ಮೇಲೆ, ಕೆಳಗಿನ ಎಲೆಗಳಲ್ಲಿ ಒಂದೇ ಒಂದು ಹೆಜ್ಜೆ. ಅದು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಏಣಿನ ಪೊದೆ ತಲುಪಿದ ಮೇಲೆ ಕೇಳಿಸಲಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಬಂತು. ಮೊರಿಟಾ-ಸಾನ್ ಪೊಲೀಸರ ಜೊತೆ ಮಾತನಾಡುತ್ತಿದ್ದಾಗ ಕಿರಣ ನನ್ನ ಪಕ್ಕ ಕುಳಿತು, ಕಿತ್ತುಹೋದ ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಮರುದಿನ ಪೊಲೀಸರು, ಬೆಟ್ಟದ ಸ್ವಯಂಸೇವಕರು ನಮ್ಮ ಟೇಪು ಹಿಡಿದು ಇಳಿದರು. ಇದ್ದಿಲ ಗೂಡಿನೊಳಗೆ, ಎಲೆಮಣ್ಣಿನ ಕೆಳಗೆ ಹಿರೋಸೆ-ಸಾನರ ಮೂಳೆಗಳು, ಒಂದು ಫ್ಲಾಸ್ಕು, ಬೆಲ್ಟಿನ ಕೊಂಡಿ ಸಿಕ್ಕವು. ಚಳಿಗೆ ಗೋಡೆಯ ಮರೆ ಹುಡುಕಿ ಒಳಗೆ ಮಲಗಿರಬೇಕು ಎಂದರು. ತಗ್ಗಿನಿಂದ ಏಣಿಗೆ ನಾವು ಹತ್ತಿದ್ದು ಅರ್ಧ ಗಂಟೆಯ ದಾರಿ ಇರಬಹುದು.

ಚಳಿಗಾಲ ಶುರುವಾಗುವ ಹೊತ್ತಿಗೆ ಹಿರೋಸೆ-ಸಾನರ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. ಮೊರಿಟಾ-ಸಾನ್ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಆ ಒಂದು ತಿಂಗಳಲ್ಲಿ ಅವರ ಮುಖ ಹಗುರಾಗಿತ್ತು. ನಾನು ನೀಲಿ ಜಾಕೆಟ್ಟಿನ ಹಿಂದೆ ಹೋದದ್ದನ್ನು ಅವರಿಗೆ ಹೇಳಿದ್ದೆ. ಹಿರೋಸೆಯೇ ಬಂದು ಶೈರಾ-ಸಾನರನ್ನು ಕರೆದೊಯ್ದ ಎಂದು ಅವರು ನಂಬಿದ್ದರು, ಹಿರೋಸೆಯ ಹೆಂಡತಿಗೂ ಹೇಳಿದ್ದರು. ಆಕೆ ನನ್ನನ್ನು ಒಂದು ಪಕ್ಕಕ್ಕೆ ಕರೆದು, ಚಹಾದ ಬಟ್ಟಲು ಮುಂದಿಟ್ಟು, ಮೆಲ್ಲಗೆ ಕೇಳಿದರು.

"ನೀವು ನೋಡಿದ ಜಾಕೆಟ್ಟು ನೀಲಿಯದೇ ಹೌದೇ?"

"ಹೌದು, ನೀಲಿ."

"ನನ್ನ ಗಂಡನದು ಕಿತ್ತಳೆ ಬಣ್ಣದ್ದು. ದೂರದಿಂದ ಕಾಣಲಿ ಎಂದು ನಾನೇ ಆರಿಸಿದ್ದೆ. ಅದರ ಚೂರುಗಳೂ ಅಲ್ಲಿ ಸಿಕ್ಕವು." ಆಕೆ ಕೃತಜ್ಞತೆಯಿಂದ ತಲೆ ಬಗ್ಗಿಸಿದರು. "ಯಾರೇ ಆಗಿರಲಿ, ನಿಮ್ಮನ್ನು ಅಲ್ಲಿಗೆ ಕರೆದೊಯ್ದರು. ಅರಿಗಾತೋ ಗೊಜೈಮಾಸು."

ಮರಳುವಾಗ ಕಾರಿನಲ್ಲಿ ಮೊರಿಟಾ-ಸಾನ್ ಏನು ಮಾತಾಡಿದಿರಿ ಎಂದು ಕೇಳಿದರು. ಹೇಳಬಾರದು ಎಂದುಕೊಂಡಿದ್ದೆ, ಆದರೆ ಹೇಳಿದೆ. ಹಿಂದಿನ ಸೀಟಿನಲ್ಲಿದ್ದ ಕಿರಣ ಕನ್ನಡದಲ್ಲಿ ತನಗೆ ತಾನೇ ಎಂಬಂತೆ, "ಮತ್ತೆ ಅದ್ಯಾರು?" ಎಂದ.

ಮೊರಿಟಾ-ಸಾನರಿಗೆ ಕನ್ನಡ ಬಾರದು. ಆದರೆ ಅವರು ಆ ಪ್ರಶ್ನೆಗೇ ಉತ್ತರ ಕೊಟ್ಟರು.

"ಇಷ್ಟು ವರ್ಷ ನೀಲಿ ಜಾಕೆಟ್ಟು ತೊಟ್ಟು ಆ ಬೆಟ್ಟದಲ್ಲಿ ದಾರಿ ಬಿಟ್ಟು ಹುಡುಕುತ್ತಾ ನಡೆದವನು ನಾನೊಬ್ಬನೇ," ಎಂದರು. ಕಣ್ಣು ರಸ್ತೆಯ ಮೇಲೇ ಇತ್ತು. ಎಷ್ಟೋ ದೂರ ಹೋದ ಮೇಲೆ, ಕೆಂಪು ದೀಪಕ್ಕೆ ಕಾರು ನಿಂತಾಗ, ನನ್ನ ಕಡೆ ತಿರುಗಿದರು.

"ಶೈರಾ-ಸಾನ್, ಅವನು ಹಿಂತಿರುಗಿ ನೋಡಿದನೇ?"

"ಇಲ್ಲ. ಒಂದು ಸಲವೂ ನೋಡಲಿಲ್ಲ."

"ಹಾಗಾದರೆ ಅವನಿಗೆ ಇನ್ನೂ ಗೊತ್ತಿಲ್ಲ, ಹಿರೋಸೆ ಸಿಕ್ಕಿದನೆಂದು. ಇನ್ನೂ ಹುಡುಕುತ್ತಲೇ ಇದ್ದಾನೆ," ಎಂದರು ಮೊರಿಟಾ-ಸಾನ್. ಹಸಿರು ದೀಪ ಬಂತು. ಮುಂದಿನ ಭಾನುವಾರ ಅವರು ಒಬ್ಬರೇ ಬೆಟ್ಟಕ್ಕೆ ಹೋದರು.